ಅಳಿಯನ ಬಾಣಂತನ

ನಾನು ಟೈಲರು. ಹಿಂದೂಪುರದ ಬೆಲ್ಲದ ಮಂಡಿಗಳ ಹಿಂದಿನ ಸಂದಿಯಲ್ಲಿ ನನ್ನ ಅಂಗಡಿಯಿತ್ತು. ಯಾರ ಮೈ ಇಳಿಯಿತು, ಯಾರ ಹೊಟ್ಟೆ ಮುಂದೆ ಬಂತು ಎಂಬುದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಹಾಗಾಗಿ ನನ್ನ ಮೈ ಇಳಿದದ್ದನ್ನು ನನ್ನಿಂದ ಮುಚ್ಚಿಡಲು ಯಾರಿಂದಲೂ ಆಗಲಿಲ್ಲ. ಡಾಕ್ಟರು ನಯವಾಗಿ ಸ್ವಲ್ಪ ಇಳಿದಿದ್ದೀರಿ ಎನ್ನುತ್ತಿದ್ದರು. ಟೇಪಿಗೆ ಅಷ್ಟೊಂದು ನಯ ವಿನಯ ಇರುವುದಿಲ್ಲ. ಅಳತೆ ಹಿಡಿದಾಗಲೆಲ್ಲ ಅಂಗಿಯ ಎರಡೂ ಪಕ್ಕ ಹಿಡಿದು ಹೊಲಿಗೆ ಹಾಕಿಕೊಳ್ಳುತ್ತಿದ್ದೆ. ಕೊನೆಗೆ ಜೇಬುಗಳೆರಡೂ ಬೆನ್ನ ಕಡೆಗೆ ಹೊರಟಿದ್ದವು.

ಇದೆಲ್ಲ ಶುರುವಾದದ್ದು ಮದುವೆಯಾದ ಹೊಸತರಲ್ಲಿ. ಪೇಟೆಗೆ ನಯಾಪೈಸೆ ಬಂದು ಮುದುಕರೆಲ್ಲ ಬೈದುಕೊಳ್ಳುತ್ತಿದ್ದ ಕಾಲ ಅದು. ನಮ್ಮದು ಮುದ್ದೆ ತಿನ್ನುವ ಸೀಮೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ನನಗೆ ಆ ನುಂಗುವುದೇ ನಿಂತುಹೋಯಿತು. ಮೊದಲು ಮುದ್ದೆ ಎದೆಯಲ್ಲಿ ಸಿಕ್ಕಿಕೊಂಡಿತು, ಆಮೇಲೆ ಅನ್ನ, ಆಮೇಲೆ ನೀರು. ಬೆಂಗಳೂರಿನ ಆಸ್ಪತ್ರೆಯಲ್ಲಿ ನೋಡಿದರೆ ಅನ್ನನಾಳದ ಕೆಳತುದಿ ಬಿಗಿದು ಮುಚ್ಚಿಹೋಗಿತ್ತು. ಆ ತುಂಡನ್ನು ಕತ್ತರಿಸಿ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಜೋಡಿಸಿ ಹೊಲಿದರು. ಹೊಲಿಗೆಯವನನ್ನೇ ಹೊಲಿದ ಆ ಡಾಕ್ಟರ ಕೈಗೆ ನಾನು ಇವತ್ತಿಗೂ ನಮಸ್ಕಾರ ಮಾಡುತ್ತೇನೆ. ಒಳ್ಳೆಯ ಕೆಲಸ, ಒಂದು ಟಾಕೂ ಬಿಟ್ಟಿಲ್ಲ.

ಬಿಟ್ಟುಕಳಿಸುವಾಗ ಅವರು ಹೇಳಿದ್ದು ಇಷ್ಟು. ತಿಂದದ್ದನ್ನು ಮೇಲೆ ಬಾರದಂತೆ ತಡೆಯುತ್ತಿದ್ದ ಬಾಗಿಲು ಇನ್ನು ನಿಮಗಿಲ್ಲ. ಒಂದೇ ಸಲ ಹೊಟ್ಟೆ ತುಂಬ ಉಣ್ಣಬಾರದು, ಗಳಿಗೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಬೇಕು. ಹೊಟ್ಟೆಗೆ ಬಿಗಿ ಕಟ್ಟಬಾರದು. ಉಂಡು ಮಲಗಬಾರದು, ಮಲಗಿದರೂ ತಲೆ ಎತ್ತರದಲ್ಲಿರಬೇಕು. ಇಷ್ಟನ್ನೂ ತಲೆಯಾಡಿಸಿ ಕೇಳಿಕೊಂಡೆ. ಆಮೇಲೆ ಅವರು, ಕಡಲೆಕಾಯಿ ಸುಗ್ಗಿ ಮುಗಿದ ಮೇಲೆ ಬಂದು ತೋರಿಸಿ, ತೂಕ ಹತ್ತಿದ್ದರೆ ಸರಿ, ಇನ್ನೂ ಇಳಿದಿದ್ದರೆ ಮತ್ತೆ ಕೊಯ್ಯದೆ ಬೇರೆ ದಾರಿಯಿಲ್ಲ ಎಂದರು. ಅದನ್ನು ಕೇಳಿ ತಲೆಯಾಡಿಸಲು ಆಗಲಿಲ್ಲ. ಇನ್ನೊಂದು ಸಲ ಆ ಮೇಜಿನ ಮೇಲೆ ಮಲಗಿದರೆ ನಾನು ಏಳುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ಹೆಂಡತಿಗೆ ಆಗ ಐದು ತಿಂಗಳು.

ಆದರೂ ಆ ದಿನಗಳಲ್ಲಿ ನಾವಿಬ್ಬರೂ ಬೇಕಾದಷ್ಟು ನಕ್ಕಿದ್ದೇವೆ. ಬಸುರಿಗೂ ಎದೆಯುರಿ, ನನಗೂ ಎದೆಯುರಿ. ಅವಳಿಗೂ ಒಂದು ಹಿಡಿಗಿಂತ ಹೆಚ್ಚು ಉಣ್ಣಲಾಗದು, ನನಗೂ ಆಗದು. ಇಬ್ಬರೂ ಗೋಡೆಗೆ ದಿಂಬು ಕೊಟ್ಟು ಒರಗಿ ಕೂತು, ಯಾರಿಗೆ ಮೊದಲು ತೇಗು ಬರುತ್ತದೆ ಎಂದು ಕಾಯುತ್ತಿದ್ದೆವು. ನಾನು ಬಗ್ಗಿ ಮಿಶನ್ನು ತುಳಿದರೆ ಹುಳಿನೀರು ಗಂಟಲಿಗೆ ಬರುತ್ತಿತ್ತು. ಅವಳೇ ಮಿಶನ್ನಿನ ಕಾಲುಗಳ ಕೆಳಗೆ ಕಲ್ಲು ಕೊಡಿಸಿ ಎತ್ತರ ಮಾಡಿಸಿದಳು. ನೆಟ್ಟಗೆ ಕೂತು ಹೊಲಿಯುತ್ತಿದ್ದ ನನ್ನನ್ನು ನೋಡಿದ ಗಿರಾಕಿಗಳು, ಆಪರೇಶನ್ ಆದಮೇಲೆ ಇವನಿಗೆ ಗತ್ತು ಬಂದಿದೆ ಎಂದುಕೊಂಡರು.

ಏಳರಲ್ಲಿ ಅವಳು ಹೆರಿಗೆಗೆಂದು ಕಲ್ಯಾಣದುರ್ಗದ ತವರಿಗೆ ಹೋದಳು. ನಾನು ನಮ್ಮಮ್ಮನ ಕೈಗೆ ಸಿಕ್ಕಿದೆ. ಅಮ್ಮನ ಲೆಕ್ಕದಲ್ಲಿ ಮೈ ಇಳಿದವನಿಗೆ ಒಂದೇ ಮದ್ದು, ದೊಡ್ಡ ಮುದ್ದೆ. ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿ, ಅದಕ್ಕೇ ಈವತ್ತು ಸಣ್ಣದಾಗಿ ಕಟ್ಟಿದ್ದೀನಿ ಎಂದು ತೆಂಗಿನಕಾಯಿ ಗಾತ್ರದ್ದನ್ನು ತಟ್ಟೆಗಿಟ್ಟಳು. ಬೇಡವೆಂದರೆ ಕಣ್ಣೀರು. ಅವಳ ಕಣ್ಣೀರು ನೋಡಲಾರದೆ ತಿನ್ನುವುದು, ಹಿತ್ತಲಿಗೆ ಹೋಗಿ ಕಕ್ಕುವುದು. ಟೇಪು ಇನ್ನೂ ಒಳಕ್ಕೆ ಸರಿಯಿತು.

ಹೆಣ್ಣುಮಗು ಹುಟ್ಟಿದ ಸುದ್ದಿ ಬಂತು. ಪುರುಡು ಕಳೆದ ಮೇಲೆ ನಾನು ಎರಡು ದಿನಕ್ಕೆಂದು ಹೊರಟೆ. ಅಮ್ಮನಿಗೆ ಅದೂ ಸರಿಬರಲಿಲ್ಲ.

"ಬಾಣಂತಿ ಮನೇಲಿ ಗಂಡಸಿಗೇನ್ಲಾ ಕೆಲ್ಸ? ಮಗೀನ ನೋಡ್ಕಂಡು ಮಾರ್ನೇ ದಿನ್ವೇ ಬಂದ್ಬುಡು."

ಬಂದುಬಿಡುತ್ತೀನಿ ಎಂದೇ ಮಡಕಶಿರಾ, ಪಾವಗಡ ಸುತ್ತಿಕೊಂಡು ಹೋಗುವ ಬಸ್ಸು ಹತ್ತಿದೆ. ಹಿಂದಕ್ಕೆ ಬಂದದ್ದು ಮಗು ಕತ್ತು ನಿಲ್ಲಿಸಿದ ಮೇಲೆ.

ನಮ್ಮ ಅತ್ತೆಯ ವಿಷಯ ಈಗ ಹೇಳಬೇಕು. ಅವರ ಮನೆಯಲ್ಲಿ ಅತ್ತೆ ಅಳಿಯನ ಎದುರಿಗೆ ಬರುವ ರೂಢಿಯಿರಲಿಲ್ಲ, ಮಾತಾಡುವುದಂತೂ ದೂರವೇ ಉಳಿಯಿತು. ಮದುವೆಯಾದಾಗಿನಿಂದ ನಾನು ಕಂಡದ್ದು ಅವರ ಸೆರಗಿನ ಅಂಚು, ಬಾಗಿಲ ಸಂದಿನಲ್ಲಿ ಅರ್ಧ ಬಳೆ, ಅಷ್ಟೇ. ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದರು, ಇಲ್ಲವೇ ಕಂಬಕ್ಕೆ. ಕಾಫಿ ತಣ್ಣಗಾಗುತ್ತೆ ಎಂದು ಕಂಬಕ್ಕೆ ಹೇಳಿದರೆ ನಾನು ಕುಡಿಯಬೇಕು. ಮಗು ಹುಟ್ಟಿದ ಮೇಲೆ ಕಂಬಕ್ಕೆ ಬಿಡುವು ಸಿಕ್ಕಿತು. ಎಲ್ಲವನ್ನೂ ಮಗುವಿನ ಮೂಲಕ ಕೇಳಿಸಿದರು.

ನಾನು ಒಳಗೆ ಕಾಲಿಟ್ಟು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಅಷ್ಟರಲ್ಲಿ ಅವರು ಬಾಗಿಲ ಸಂದಿನಿಂದ ನನ್ನ ಬೆನ್ನು ನೋಡಿದ್ದರು. ನಾನು ಬರುವ ಹೊತ್ತಿಗೆ ಕೋಣೆಯೊಳಗಿನಿಂದ, ಎರಡು ವಾರದ ಮಗುವಿಗೆ ಅವರು ಹೇಳುತ್ತಿದ್ದುದು ಕೇಳಿಸಿತು.

"ನಿಮ್ಮಪ್ಪಯ್ಯಗೆ ಹೇಳಮ್ಮ ಬಂಗಾರು, ಈ ಮೈ ಹೊತ್ಕಂಡು ಎಲ್ಲೂ ಹೋಗಂಗಿಲ್ಲ ಅಂತ. ಈ ಮನೇಲಿ ಇನ್ಮೇಲೆ ಇಬ್ರು ಬಾಣಂತೀರು."

ತಮಾಷೆಗೆ ಹೇಳಿದರು ಎಂದುಕೊಂಡೆ. ಅವರು ತಮಾಷೆ ಮಾಡುವವರಲ್ಲ. ಸವೆದ ಮೈಗೆ ಮತ್ತೆ ಮಾಂಸ ಹಿಡಿಸುವ ವಿದ್ಯೆ ಅವರಿಗೆ ಗೊತ್ತಿದ್ದದ್ದು ಒಂದೇ, ಬಾಣಂತನ. ಹೆತ್ತ ಹೆಣ್ಣಿನ ಸೊಂಟ ನಿಲ್ಲಿಸಿ, ಮುಖಕ್ಕೆ ರಕ್ತ ತರಿಸಿ ಕಳಿಸುವುದರಲ್ಲಿ ಆ ಬೀದಿಗೆಲ್ಲ ಅವರದೇ ಹೆಸರು. ಗಂಡಸಿಗೆ ಬೇರೆ ವಿದ್ಯೆ ಹುಡುಕುತ್ತಾ ಕೂರಲು ಅವರಿಗೆ ಪುರಸೊತ್ತಿರಲಿಲ್ಲ. ಮಾರನೆಯ ದಿನವೇ ಹಂಡೆಯಲ್ಲಿ ನೀರು ಕಾಯಿತು, ಬಟ್ಟಲಲ್ಲಿ ಹರಳೆಣ್ಣೆ ಬಂತು. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ, ತಲೆಗೊಂದು ಬಟ್ಟೆ, ಕಿವಿಗೆ ಹತ್ತಿ. ಊಟಕ್ಕೆ ಮೆತ್ತನ್ನ, ಅದರ ಮೇಲೆ ಹರಿಯುವಷ್ಟು ತುಪ್ಪ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಆಚೆ ಕೋಣೆಯಲ್ಲಿ ನನ್ನ ಹೆಂಡತಿಯೂ ಅದನ್ನೇ ಉಣ್ಣುತ್ತಿದ್ದಳು. ಅವಳಿಗಿಂತ ಮೊದಲು ನನಗೆ ತುಪ್ಪ ಬಡಿಸಿದರೆಂದು ಅವಳು ಮುನಿಸಿಕೊಂಡಳು.

ಮಾವನವರು ಕಡಲೆಕಾಯಿ ವ್ಯಾಪಾರಿ. ಇದೆಲ್ಲ ಅವರಿಗೆ ನಗುವಿನ ಸುಗ್ಗಿ. ಊರಲ್ಲಿ ಯಾರಾದರೂ ತೆಲುಗಿನಲ್ಲಿ ಅಲ್ಲುಡುಗಾರು, ಅಂದರೆ ಅಳಿಯಂದಿರು, ಬಂದಿದ್ದಾರಂತೆ ಎಂದು ಕೇಳಿದರೆ, ಬಂದಿದ್ದಾರೆ, ಹಸಿ ಮೈ, ಗಾಳಿಗೆ ಬರುವ ಹಾಗಿಲ್ಲ ಎನ್ನುತ್ತಿದ್ದರಂತೆ.

ಊಟವಾದ ಮೇಲೆ ಬಾಣಂತಿಯ ಹೊಟ್ಟೆಗೆ ಹಳೇ ಸೀರೆಯ ಪಟ್ಟಿ ಸುತ್ತಿ ಬಿಗಿಯಾಗಿ ಕಟ್ಟುತ್ತಾರೆ. ದಿಂಬಿಲ್ಲದೆ ಚಾಪೆಯ ಮೇಲೆ ಅಂಗಾತ ಮಲಗಿಸಿ ಕಂಬಳಿ ಹೊದಿಸುತ್ತಾರೆ. ನನಗೂ ಹಳೇ ಸೀರೆ ಬಂತು. ಕಟ್ಟಲು ಬಂದವರು ಮಾವನವರು. ಜೀವಮಾನವೆಲ್ಲ ಕಡಲೆಕಾಯಿ ಮೂಟೆ ಕಟ್ಟಿದ ಕೈ ಅದು. ಮೊಣಕಾಲು ಕೊಟ್ಟು ಎಳೆದು ಗಂಟು ಹಾಕಿ, ನನ್ನನ್ನು ಮಲಗಿಸಿ, ಕಂಬಳಿ ಹೊದಿಸಿ, ಸಂತೋಷವಾಗಿ ಮಂಡಿಗೆ ಹೋದರು. ಡಾಕ್ಟರು ಯಾವ ಯಾವುದು ಕೂಡದು ಎಂದಿದ್ದರೋ ಅದೆಲ್ಲ ಒಂದೇ ಮಧ್ಯಾಹ್ನದಲ್ಲಿ ಆಗಿಹೋಗಿತ್ತು. ಬೇಡ ಎನ್ನುವುದು ನನಗೆ ಗೊತ್ತಿತ್ತು, ಆದರೆ ಯಾರಿಗೆ ಹೇಳುವುದು? ಅತ್ತೆಯ ಜೊತೆ ಮಾತಿಲ್ಲ. ಮಾವನವರಿಗೆ ಹೇಳಲು ಹೊಸ ಅಳಿಯನ ನಾಚಿಕೆ. ಎಲ್ಲ ಗೊತ್ತಿದ್ದ ಹೆಂಡತಿ ಆಚೆ ಕೋಣೆಯಲ್ಲಿ ನಿದ್ದೆಹೋಗಿದ್ದಳು. ಕಂಬಕ್ಕೆ ಹೇಳುವ ಅಭ್ಯಾಸ ನನಗಿರಲಿಲ್ಲ.

ಸ್ವಲ್ಪ ಹೊತ್ತಿಗೇ ಉಂಡದ್ದೆಲ್ಲ ಬೆಂಕಿಯಾಗಿ ಮೇಲಕ್ಕೆ ಬಂತು. ಮೆಣಸು, ಬೆಳ್ಳುಳ್ಳಿ, ತುಪ್ಪ ಎಲ್ಲ ಒಟ್ಟಿಗೆ ಗಂಟಲಿಗೆ, ಮೂಗಿಗೆ ನುಗ್ಗಿತು. ಉಸಿರು ಎಳೆಯಲು ಹೋದರೆ ಅದೇ ಒಳಗೆ ಹೋಯಿತು. ಹೊಟ್ಟೆ ಕಟ್ಟಿದ್ದರಿಂದ ಏಳಲಾಗಲಿಲ್ಲ, ಕೂಗಲೂ ಆಗಲಿಲ್ಲ. ಕಾಲಿನಿಂದ ನೆಲ ಬಡಿದೆ. ಸತ್ತೆ ಅಂದುಕೊಂಡೆ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲವಲ್ಲ ಎಂದು ಸಂಕಟವಾಯಿತು.

ಬಾಗಿಲು ದಢಾರನೆ ತೆರೆಯಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವರೇ ರಟ್ಟೆ ಹಿಡಿದು ಎತ್ತಿ ಕೂರಿಸಿದರು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದರು. ನನ್ನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದರು. ಎಲ್ಲ ಹೊರಗೆ ಬಂದು ಉಸಿರು ಸಿಕ್ಕಿತು. ಅವರ ಸೀರೆ, ನನ್ನ ಪಂಚೆ, ಚಾಪೆ ಎಲ್ಲ ಹಾಳಾಗಿತ್ತು. ಅವರು ಸೆರಗಿನಿಂದ ನನ್ನ ಬಾಯಿ ಒರೆಸಿದರು. ಮೊದಲ ಸಲ ಅವರ ಮುಖವನ್ನು ಎದುರಿಗೆ ಕಂಡೆ. ಹಣೆಯ ವಿಭೂತಿ ಬೆವರಿಗೆ ಕಲಸಿಹೋಗಿತ್ತು.

"ಬಾಯ್ ಬುಟ್ಟು ಹೇಳ್ಬಾರ್ದೇನಪ್ಪ? ನಾನೇನು ಹುಲೀನಾ?"

ಗೋಡೆಗಲ್ಲ, ಮಗುವಿಗಲ್ಲ, ನೇರ ನನಗೆ. ನಾನು ಅತ್ತುಬಿಟ್ಟೆ. ಉರಿಗೆ ಅತ್ತೆನೋ ಬದುಕಿದ್ದಕ್ಕೆ ಅತ್ತೆನೋ ಗೊತ್ತಿಲ್ಲ. ಆಚೆ ಕೋಣೆಯಿಂದ ಹೆಂಡತಿ ಏನಾಯಿತೆಂದು ಕೂಗುತ್ತಿದ್ದಳು. ಏನೂ ಆಗಿಲ್ಲ, ಅಳಿಯಂದಿರು ಬಾಯಿ ಬಿಟ್ಟರು ಎಂದು ಅತ್ತೆ ಉತ್ತರ ಕೊಟ್ಟರು.

ಅವತ್ತು ಸಂಜೆ ಅವರು ಹೊಸ್ತಿಲ ಒಳಗೆ, ನಾನು ಹೊರಗೆ ಕೂತು ಎಲ್ಲ ಹೇಳಿದೆ. ನನ್ನ ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡು ಯಾವಾಗಲೂ ಇರುತ್ತಿತ್ತು. ಅದರಿಂದಲೇ ನೆಲದ ಮೇಲೆ ಗಂಟಲು, ಹೊಟ್ಟೆ, ಕತ್ತರಿಸಿದ ಜಾಗ ಎಲ್ಲ ಬರೆದು ತೋರಿಸಿದೆ. ಅವರು ಬಗ್ಗಿ ನೋಡಿ, ಹಂಗಾದ್ರೆ ಇದು ಕಂಠ ಇಲ್ದಿರೋ ಚೊಂಬು, ಮಲಗಿಸಿದ್ರೆ ಚೆಲ್ಲುತ್ತೆ ಎಂದರು. ನಾನು ಹೌದೆಂದೆ. ಇಷ್ಟೇ ತಾನೇ ಎನ್ನುವ ಹಾಗೆ ಎದ್ದುಹೋದರು. ದೀಪ ಹಚ್ಚುವ ಹೊತ್ತಿಗೆ ಚಾಪೆಯ ಬದಲು ನನಗೆ ಹಾಕಿದ ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ ಚಪ್ಪಡಿ ಕಲ್ಲು ಬಂದಿತ್ತು. ಬೆಳ್ಳುಳ್ಳಿಯೂ ಮೆಣಸೂ ಆಚೆ ಕೋಣೆಗೆ ಮಾತ್ರ ಹೋದವು. ಹಳೇ ಸೀರೆ ಮಗುವಿನ ತೊಟ್ಟಿಲಿಗಾಯಿತು.

ಆಮೇಲಿನ ಬಾಣಂತನ ಸುಖವಾಗಿತ್ತು ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ನನಗೆ ಬೇಕಾಗಿದ್ದುದೂ ಅದೇ ಅಲ್ಲವೇ, ಗಳಿಗೆಗೊಮ್ಮೆ ಒಂದಿಷ್ಟು? ಬೆಳಿಗ್ಗೆ ರವೆ ಗಂಜಿ. ಬಿಸಿಲೇರುವ ಮೊದಲು ಸಬ್ಬಸಿಗೆ ಸೊಪ್ಪು ಬೇಯಿಸಿ ಹಿಸುಕಿದ ಅನ್ನ. ಆಮೇಲೆ ನೆನೆಸಿದ ಕಡಲೆಕಾಯಿ ಬೀಜವನ್ನು ನುಣ್ಣಗೆ ಅರೆದು ಬೇಯಿಸಿದ ಬಿಳಿ ಗಂಜಿ. ಅದು ಕಲ್ಯಾಣದುರ್ಗದ ನೆಲದ ಪುಣ್ಯ, ನನ್ನ ಮೈ ಹಿಡಿದದ್ದೇ ಅದರಿಂದ ಎಂದು ನನ್ನ ನಂಬಿಕೆ. ಹೊತ್ತು ಮುಳುಗುವ ಮೊದಲೇ ಕೊನೆಯ ಊಟ. ಸಿಹಿ ತಿಂದರೆ ಎದೆ ಡವಗುಟ್ಟಿ ಬೆವರು ಬಿಡುತ್ತಿತ್ತು. ಅದನ್ನು ಒಂದು ಸಲ ಕಂಡ ಮೇಲೆ ಹೋಳಿಗೆಯ ದಿನ ನನಗೆ ಬರೀ ತೊವ್ವೆ ಅನ್ನ ಹಾಕಿದರು. ಹೋಳಿಗೆಯ ವಾಸನೆಗೂ ಬಾಗಿಲು ಮುಚ್ಚಿದ್ದರೆ ಉಪಕಾರವಾಗುತ್ತಿತ್ತು.

ಮಗುವೂ ಕುಡಿದ ಹಾಲನ್ನು ಕಕ್ಕುತ್ತಿತ್ತು. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ತಿರುಗಾಡಬೇಕು. ನಾನೂ ಉಂಡ ಮೇಲೆ ನೆಟ್ಟಗಿದ್ದು ತಿರುಗಾಡಬೇಕು. ಅತ್ತೆ ಎರಡು ಕೆಲಸವನ್ನೂ ಒಂದಕ್ಕೊಂದು ಕಟ್ಟಿದರು. ನನ್ನ ಊಟ ಮುಗಿಯುವುದಕ್ಕೂ ಮಗು ಹಾಲು ಕುಡಿದು ಮುಗಿಸುವುದಕ್ಕೂ ಸರಿಹೋಗುವಂತೆ ನೋಡಿಕೊಂಡು, ಅದನ್ನು ನನ್ನ ಹೆಗಲಿಗೆ ಹಾಕುತ್ತಿದ್ದರು. ಹಜಾರದಲ್ಲಿ ನಾವು ಅಪ್ಪ ಮಗಳು ಅತ್ತಿಂದಿತ್ತ, ಇತ್ತಿಂದತ್ತ. ಅದು ತೇಗಿದರೆ ಆಚೆ ಕೋಣೆಯಿಂದ ಹೆಂಡತಿ ಶಹಬಾಸ್ ಎನ್ನುತ್ತಿದ್ದಳು. ನಾನು ತೇಗಿದರೂ ಎನ್ನುತ್ತಿದ್ದಳು. ಗಂಡಸರು ಎಳೆಗೂಸನ್ನು ಎತ್ತಿಕೊಂಡು ಓಡಾಡುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ನನಗೆ ಆ ಭಾಗ್ಯ ಬಂದದ್ದು ಹುಳಿತೇಗಿನ ದೆಸೆಯಿಂದ. ಮಗುವಿನ ಬಿಸಿ ಕೆನ್ನೆ ನನ್ನ ಕತ್ತಿಗೆ ಒತ್ತಿಕೊಂಡಿರುತ್ತಿತ್ತು, ಅದರ ಕೆಳಗೇ ನನ್ನ ಕೊಯ್ದ ಎದೆ. ಅಷ್ಟು ಸಂತೋಷ ನನಗೆ ಆಮೇಲೆಯೂ ಸಿಕ್ಕಿದೆ, ಅದಕ್ಕಿಂತ ಹೆಚ್ಚಿನದು ಸಿಕ್ಕಿಲ್ಲ.

ಬಾಣಂತಿ ನೋಡಲು ಬರುವ ಹೆಂಗಸರು ನನ್ನನ್ನೂ ನೋಡಿಕೊಂಡು ಹೋಗುತ್ತಿದ್ದರು. ಸೆಟ್ಟೂರಿನಿಂದ ಬಂದ ಒಬ್ಬ ಮುದುಕಿ ಮಗುವಿಗೆ ದೃಷ್ಟಿ ತೆಗೆದು, ಉಳಿದ ಉಪ್ಪು ಮೆಣಸಿನಕಾಯಿಯಲ್ಲಿ ನನಗೂ ತೆಗೆದಳು. ನಾನು ಸುಮ್ಮನೆ ಕೂತೆ. ಮಾನ ಮರ್ಯಾದೆ ಎಲ್ಲ ಹಳೇ ಸೀರೆಯ ಜೊತೆಗೇ ತೊಟ್ಟಿಲು ಸೇರಿತ್ತು.

ಸುಗ್ಗಿಯ ಮೂಟೆಗಳು ಮಂಡಿಗೆ ಬರತೊಡಗಿದಂತೆ ನನಗೆ ಡಾಕ್ಟರು ಕೊಟ್ಟ ಗಡುವು ನೆನಪಾಗುತ್ತಿತ್ತು. ಮಾವನವರು ನನ್ನನ್ನು ಕರೆದುಕೊಂಡು ಹೋಗಿ ಕಡಲೆಕಾಯಿ ತೂಗುವ ತಕ್ಕಡಿಯಲ್ಲಿ ಕೂರಿಸಿದರು. ಹಮಾಲಿಗಳೆಲ್ಲ ಸುತ್ತ ನೆರೆದರು. ತಕ್ಕಡಿಯದು ಮಣದ ಲೆಕ್ಕ, ಆಸ್ಪತ್ರೆಯದು ಪೌಂಡಿನ ಲೆಕ್ಕ, ಸರ್ಕಾರದವರು ಹೊಸದಾಗಿ ತಂದದ್ದು ಕಿಲೋ ಲೆಕ್ಕ. ಒಂದನ್ನು ಇನ್ನೊಂದಕ್ಕೆ ತಿರುಗಿಸಲು ಹೋಗಿ ಮಾವನವರು ಒಂದು ಸಲ ನನ್ನನ್ನು ಎಮ್ಮೆಯ ತೂಕಕ್ಕೆ ತಂದರು, ಇನ್ನೊಂದು ಸಲ ಮೇಕೆಯ ತೂಕಕ್ಕೆ ಇಳಿಸಿದರು. ನನಗೆ ನಂಬಿಕೆಯಿದ್ದುದು ಟೇಪಿನ ಮೇಲೆ. ಮನೆಗೆ ಬಂದು ಎದೆ ಸುತ್ತ ಹಿಡಿದೆ. ನೋಡಲು ಧೈರ್ಯ ಸಾಲದೆ ಹೆಂಡತಿಗೆ ಕೊಟ್ಟೆ. ಅವಳು ನೋಡಿ, ಕತ್ತರಿ ತಂದು ನನ್ನ ಅಂಗಿಯ ಪಕ್ಕದ ಹೊಲಿಗೆಯನ್ನು ಬಿಚ್ಚತೊಡಗಿದಳು.

ಆಸ್ಪತ್ರೆಗೆ ನಾನೊಬ್ಬನೇ ಹೋದೆ. ಡಾಕ್ಟರು ತೂಗಿ, ಹಳೇ ಚೀಟಿ ನೋಡಿ, ಮತ್ತೆ ತೂಗಿದರು. ಹಿಂದಿನ ಮೈ ಪೂರ್ತಿ ಬರುವುದಿಲ್ಲ, ಎದೆಯುರಿ ಪೂರ್ತಿ ಹೋಗುವುದಿಲ್ಲ, ತಲೆಕಡೆ ಎತ್ತರವಿಟ್ಟೇ ಜೀವಮಾನ ಕಳೆಯಬೇಕು, ಆದರೆ ಇನ್ನು ಕೊಯ್ಯುವುದು ಬೇಡ ಎಂದರು. ಅವರು ಹೇಳಿದ ಹಾಗೆಯೇ ಆಗಿದೆ. ಯಾರು ನೋಡಿಕೊಂಡರು ಎಂದು ಕೇಳಿದರು. ಬಾಣಂತನ ಮಾಡಿಸಿಕೊಂಡೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಒಂದು ಸಲ ನೋಡಿ, ಮುಂದಿನವರನ್ನು ಕರೆದರು.

ಹೆಂಡತಿ ಮಗುವನ್ನು ಕರೆತರಲು ಕಲ್ಯಾಣದುರ್ಗಕ್ಕೆ ಹೋದೆ. ಸುದ್ದಿ ಕೇಳಿ ಮಾವನವರು ಹಮಾಲಿಗಳಿಗೆಲ್ಲ ಮಂಡಕ್ಕಿ ಹಂಚಿದರು. ಅತ್ತೆ ಒಳ್ಳೇದಾಯ್ತು ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಹೊರಡುವ ಬೆಳಿಗ್ಗೆ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು. ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಎಲೆ ಅಡಿಕೆ, ರವಿಕೆ ಕಣ. ನಾನು ಬಾಗಿಲ ಹತ್ತಿರ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸುತ್ತಾ ನಿಂತಿದ್ದೆ. ಅವಳು ಎದ್ದಳು. ಅತ್ತೆ ಮಣೆಯನ್ನು ಎತ್ತಿಡಲಿಲ್ಲ. ಮೊರದಲ್ಲಿ ಇನ್ನೊಂದು ಪಾಲು ಅಕ್ಕಿ ಇತ್ತು.

"ನೀನೂ ಕೂತ್ಕಳಪ್ಪ. ಬಾಣಂತನ ಮಾಡಿಸ್ಕಂಡೋರ್ನ ಬರೀ ಮಡ್ಲಲ್ಲಿ ಕಳಿಸ್ಬಾರ್ದು."

ಮಾವನವರು ನಗಲು ಬಾಯಿ ತೆರೆದವರು ಹಾಗೇ ನಿಂತರು. ಮಗುವನ್ನು ಅವರ ಕೈಗೆ ಕೊಟ್ಟು ಕೂತೆ, ಹೆಗಲ ಮೇಲಿನ ಟವಲನ್ನು ಮಡಿಲಲ್ಲಿ ಹಾಸಿದೆ. ಅತ್ತೆ ಮಗಳಿಗೆ ಹಾಕಿದ ಹಾಗೆಯೇ ಎರಡೂ ಕೈಯಿಂದ ಅಕ್ಕಿ ಹಾಕಿದರು, ಬೆಲ್ಲ ಇಟ್ಟರು, ಕೊಬ್ಬರಿ ಇಟ್ಟರು. ನಿಧಾನಕ್ಕೆ ಅಗಿದು ತಿನ್ನು, ಯಾರು ಬಲವಂತ ಮಾಡಿದ್ರೂ ಕೇಳ್ಬೇಡ ಎಂದರು. ನಾನು ಅವರ ಕಾಲು ಮುಟ್ಟಿದೆ.

ಬಸ್ಸು ಹೊರಟಿತು. ಅತ್ತೆ ಬೀದಿಯ ತಿರುವಿನವರೆಗೂ ಬಂದು ನಿಂತಿದ್ದರು. ಅವರು ಮರೆಯಾದದ್ದೇ ತಡ, ನನಗೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅಳು ಬಂತು. ಹೆಂಡತಿ ತನ್ನ ಕಣ್ಣು ಒರೆಸಿಕೊಳ್ಳುವುದನ್ನು ಬಿಟ್ಟು ನನ್ನನ್ನು ನೋಡಿದಳು.

"ಏನ್ರೀ, ತವರು ಬುಟ್ಟು ಹೋಯ್ತಿರೋಳು ನಾನು. ನೀವ್ಯಾಕೆ ಅಳ್ತೀರ?"

ನಾನು ಮಡಿಲಲ್ಲಿದ್ದ ಅಕ್ಕಿಯ ಗಂಟನ್ನು ತೋರಿಸಿದೆ. ಅವಳ ಅಳುವೂ ಮತ್ತೆ ಶುರುವಾಯಿತು. ಅತ್ತಿತ್ತ ಕೂತವರು ನೋಡುತ್ತಿದ್ದರೂ ಲೆಕ್ಕಿಸದೆ, ಪಾವಗಡದವರೆಗೂ ನಾವಿಬ್ಬರೂ ಸಮಸಮವಾಗಿ ಅತ್ತೆವು.